ಇಲ್ಲದ ರೋಬೋಟಿನ ಹೆಸರು

ಡೊಂಬಿವಲಿ ಲೋಕಲ್ಲಿನಲ್ಲಿ ನಾಲ್ಕು ಜನ ಕನ್ನಡಿಗರು ಕೂತರೆ ಒಬ್ಬರಾದರೂ ಬ್ಯಾಂಕಿನವರು ಇರುತ್ತಿದ್ದ ಕಾಲವೊಂದಿತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ... ನಮ್ಮ ಅವಿಭಜಿತ ಜಿಲ್ಲೆ ಹೆತ್ತ ಈ ಬ್ಯಾಂಕುಗಳ ಬಗ್ಗೆ ಲೇಖನಗಳು, ಸ್ಮರಣ ಸಂಚಿಕೆಗಳು ಬೇಕಾದಷ್ಟು ಬಂದಿವೆ. ಅಮ್ಮೆಂಬಳ ಸುಬ್ಬರಾವ್ ಪೈಗಳು, ಹಾಜಿ ಅಬ್ದುಲ್ಲಾ ಸಾಹೇಬರು, 1928ರ ಪಿಗ್ಮಿ, ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಹೊಟೇಲಿನ ಹುಡುಗನೊಬ್ಬ ದಿನಾ ಕಟ್ಟಿದ ಎರಡು ರೂಪಾಯಿಯ ಲೆಕ್ಕ ಆಮೇಲೆ ಎಲ್ಲೆಲ್ಲಿ ಹೋಗಿ ಕೂತಿತು, ಲೆಡ್ಜರಿನಿಂದ ಯಾವ ಯಂತ್ರಕ್ಕೆ ಹತ್ತಿತು, ಅಲ್ಲಿಂದ ಎಲ್ಲಿಗೆ ಇಳಿಯಿತು ಅಂತ ಬರೆದವರು ಕಡಿಮೆ. ಅದರಲ್ಲೂ ಟೇಪಿನ ಕಥೆಯನ್ನು ಯಾರೂ ಬರೆದದ್ದು ನಾನು ನೋಡಿಲ್ಲ. ನಾನು ಬಿ.ಕಾಂ. ಓದಿದವನು, ಎಂಜಿನಿಯರ್ ಅಲ್ಲ. ಆದರೆ ಸರ್ವಿಸಿನ ಅರ್ಧ ಭಾಗ ಈ ಟೇಪುಗಳ ಸಹವಾಸದಲ್ಲೇ ಕಳೆದದ್ದರಿಂದ ಒಂದಿಷ್ಟು ಹೇಳುವ ಧೈರ್ಯ ಮಾಡುತ್ತೇನೆ. ನನ್ನ ಬ್ಯಾಂಕಿನ ಹೆಸರು ಮಾತ್ರ ಕೇಳಬೇಡಿ.

ಮೊದಲು ಸ್ವಲ್ಪ ಹಿಂದೆ ಹೋಗೋಣ. ಬ್ಯಾಂಕಿಗೆ ಯಂತ್ರ ಬರಬೇಕೋ ಬೇಡವೋ ಎಂಬ ಜಗಳ ಎಂಬತ್ತರ ದಶಕದ್ದು. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ಯೂನಿಯನ್ನುಗಳಿಗೂ ಒಂದು ಒಪ್ಪಂದ ಆಯಿತು, 1984ರಲ್ಲಿ ರಂಗರಾಜನ್ ಸಮಿತಿಯ ವರದಿ ಬಂತು, 1987ರಲ್ಲಿ ಇನ್ನೊಂದು ಒಪ್ಪಂದ. ಶಾಖೆಗಳಿಗೆ ಎಎಲ್‌ಪಿಎಂ ಎಂಬ ಲೆಡ್ಜರ್ ಪೋಸ್ಟಿಂಗ್ ಮೆಷಿನ್ನುಗಳು ಬಂದವು. ನಾನು 1993ರಲ್ಲಿ ಸೇರಿದಾಗ ಅದಕ್ಕೆ ಕವರ್ ಹೊದಿಸಿ, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು, ದೇವರ ಕೋಣೆಯ ಹಾಗೆ! ತೊಂಬತ್ತರ ದಶಕದ ಕೊನೆಗೆ ಇಡೀ ಶಾಖೆಯೇ ಕಂಪ್ಯೂಟರಿಗೆ ಹತ್ತುವ ಟಿಬಿಎಂ ಬಂತು. 2001ರ ಜನವರಿ 1ರ ಒಳಗೆ ವ್ಯವಹಾರದ ನೂರಕ್ಕೆ ಎಪ್ಪತ್ತು ಭಾಗ ಕಂಪ್ಯೂಟರಿಗೆ ಹೋಗಬೇಕು ಅಂತ ಆಗಿನ ಕೇಂದ್ರ ವಿಜಿಲೆನ್ಸ್ ಕಮಿಷನರ್ ಎನ್. ವಿಠಲ್ ಅವರು ಪಟ್ಟು ಹಿಡಿದ ಮೇಲೆ ಎಲ್ಲ ಬ್ಯಾಂಕುಗಳೂ ಓಡತೊಡಗಿದವು.

ಟೇಪು ನನ್ನ ಕೈಗೆ ಬಂದದ್ದು ಆಗ. ರಾತ್ರಿ ಡೇ ಎಂಡ್ ಮುಗಿದ ಮೇಲೆ ಆ ದಿನದ ಲೆಕ್ಕವನ್ನು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಡ್ಯಾಟ್ ಕ್ಯಾಸೆಟ್ಟಿಗೆ ಇಳಿಸಿ, ಬೆಳಿಗ್ಗೆ ಇನ್ನೊಂದು ಶಾಖೆಯ ಲಾಕರಿಗೆ ತಲುಪಿಸಬೇಕು. ಥಾಣೆಯದ್ದು ಡೊಂಬಿವಲಿಗೆ, ಡೊಂಬಿವಲಿಯದ್ದು ಕಲ್ಯಾಣಕ್ಕೆ. ಊಟದ ಡಬ್ಬಿಯ ಪಕ್ಕದಲ್ಲಿ ಒಂದು ಶಾಖೆಯ ಇಡೀ ಸಂಪತ್ತಿನ ಲೆಕ್ಕ ಲೋಕಲ್ಲಿನಲ್ಲಿ ಜೋತಾಡುತ್ತಾ ಹೋಗುತ್ತಿತ್ತು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಕಲ್ಯಾಣದ ಕಡೆಯ ಒಂದು ಶಾಖೆಯಲ್ಲಿ ನೆಲ ಅಂತಸ್ತಿನ ಲೆಡ್ಜರುಗಳೆಲ್ಲ ನೆನೆದು ಉಬ್ಬಿದ್ದನ್ನು ನಾನೇ ನೋಡಿದ್ದೇನೆ. ಬೇರೆ ಊರಿನ ಲಾಕರಿನಲ್ಲಿದ್ದ ಕ್ಯಾಸೆಟ್ಟಿಗೆ ಏನೂ ಆಗಿರಲಿಲ್ಲ. ಅವತ್ತಿನಿಂದ ಟೇಪು ಹೊರಲು ಯಾರೂ ಗೊಣಗಲಿಲ್ಲ ಎನ್ನಿ.

ಅಷ್ಟರಲ್ಲಿ ಕೋರ್ ಬ್ಯಾಂಕಿಂಗ್ ಶುರುವಾಗಿತ್ತು. ಶಾಖೆಗಳ ಲೆಕ್ಕವೆಲ್ಲ ಒಂದೇ ಕಡೆ. ಆ ಒಂದೇ ಕಡೆ ಅನೇಕರಿಗೆ ನವಿಮುಂಬಯಿ ಆಯಿತು. ಸ್ಟೇಟ್ ಬ್ಯಾಂಕಿನ ಐಟಿ ಕೇಂದ್ರ ಬೇಲಾಪುರದ ಸೆಕ್ಟರ್ 11ರಲ್ಲಿ, ರಿಸರ್ವ್ ಬ್ಯಾಂಕಿನ ಡೇಟಾ ಸೆಂಟರ್ ಖಾರ್ಘರಿನಲ್ಲಿ, ರಿಲಯನ್ಸಿನದ್ದು ಕೋಪರ್ ಖೈರಣೆಯಲ್ಲಿ, ಮಹಾಪೆ ಐರೋಲಿಗಳಲ್ಲಿ ಇನ್ನೆಷ್ಟೋ. ನಮ್ಮಂಥವರು ಡೊಂಬಿವಲಿಯಿಂದ ಬೇಲಾಪುರಕ್ಕೆ ಹೋಗುವುದೆಂದರೆ ಕುರ್ಲಾಕ್ಕೆ ಹೋಗಿ ಹಾರ್ಬರ್ ಲೈನ್ ಹಿಡಿಯಬೇಕು, ಇಲ್ಲವೇ ಥಾಣೆಯಲ್ಲಿ ಇಳಿದು ಬಸ್ಸಿಗೆ ಕಾಯಬೇಕು. 2004ರ ನವೆಂಬರಿನಲ್ಲಿ ಥಾಣೆ–ವಾಶಿ ರೈಲು ಶುರುವಾಗದೇ ಇದ್ದಿದ್ದರೆ ನನ್ನ ಬೆನ್ನು ಇಷ್ಟು ವರ್ಷ ಬಾಳುತ್ತಿರಲಿಲ್ಲ.

ಅಲ್ಲಿ ನಾನು ಮೊದಲ ಸಲ ಟೇಪ್ ಲೈಬ್ರರಿ ನೋಡಿದೆ. ದೊಡ್ಡ ಕಪಾಟು, ಒಳಗೆ ಸಾಲು ಸಾಲು ಗೂಡುಗಳು, ಒಂದೊಂದು ಗೂಡಿನಲ್ಲಿ ಬಾರ್‌ಕೋಡ್ ಅಂಟಿಸಿದ ಒಂದೊಂದು ಟೇಪು, ಕೆಳಗೆ ಓದಿ ಬರೆಯುವ ಡ್ರೈವುಗಳು. ನಡುವೆ ಒಂದು ರೋಬೋಟಿನ ಕೈ. ಸಾಫ್ಟ್‌ವೇರು 'ಇಂಥ ನಂಬರಿನ ಟೇಪು ಕೊಡು' ಅಂದರೆ ಕೈ ಸರ್ರನೆ ಹೋಗಿ ತೆಗೆದು ಡ್ರೈವಿಗೆ ತುರುಕುತ್ತಿತ್ತು. ಗಾಜಿನ ಕಿಟಕಿಯಿಂದ ನೋಡುತ್ತಾ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಈ ಯಂತ್ರದ ಮೂಲ ಅಮೆರಿಕದ ಕೊಲರಾಡೊ. ಐಬಿಎಂ ಬಿಟ್ಟು ಬಂದ ನಾಲ್ವರು ಎಂಜಿನಿಯರುಗಳು 1969ರಲ್ಲಿ ಶುರು ಮಾಡಿದ ಸ್ಟೋರೇಜ್ ಟೆಕ್ನಾಲಜಿ ಎಂಬ ಕಂಪೆನಿ 1984ರಲ್ಲಿ ದಿವಾಳಿ ಅರ್ಜಿ ಹಾಕಿ ನ್ಯಾಯಾಲಯದ ಆಶ್ರಯಕ್ಕೆ ಹೋಗಿತ್ತು. ಅದರಿಂದ ಹೊರಬಂದ 1987ರಲ್ಲೇ ಅದು 4400 ಎಂಬ ಹನ್ನೆರಡು ಮುಖದ ಕೋಣೆಯಂಥ ಲೈಬ್ರರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಒಳಗೆ ಸುಮಾರು ಆರು ಸಾವಿರ ಕಾರ್ಟ್ರಿಜ್ಜು, ಒಂದೊಂದರಲ್ಲಿ 200 ಎಂಬಿ. ಗುಣಿಸಿದರೆ ಸುಮಾರು 1.2 ಟಿಬಿ. ಇವತ್ತು ನನ್ನ ಮಗಳ ಕೈಚೀಲದಲ್ಲಿರುವ ಪುಟ್ಟ ಡಿಸ್ಕಿನಲ್ಲಿ ಅಷ್ಟು ಹಿಡಿಯುತ್ತದೆ. ಇಲ್ಲಿ ನಾವು ಎಎಲ್‌ಪಿಎಂಗೆ ಎಷ್ಟು ಅಲವೆನ್ಸ್ ಕೊಡಬೇಕು ಅಂತ ಜಗಳವಾಡುತ್ತಿದ್ದ ವರ್ಷ ಅಲ್ಲಿ ರೋಬೋಟು ಟೇಪು ಎತ್ತುತ್ತಿತ್ತು! ತೊಂಬತ್ತರ ದಶಕದ ಕೊನೆಗೆ ಅದೇ ಕಂಪೆನಿಯ ಎಲ್700 ಎಂಬ ಚಿಕ್ಕ ಮಾದರಿ ಬಂತು. ಏಳುನೂರರ ಹತ್ತಿರ ಗೂಡುಗಳು. ಬ್ಯಾಂಕು, ಟೆಲಿಫೋನ್ ಕಂಪೆನಿ, ಸರ್ಕಾರಿ ಕಚೇರಿ ಎಲ್ಲ ಕಡೆ ಅದು ನಡೆಯಿತು. ಕಂಪೆನಿಯನ್ನು 2005ರಲ್ಲಿ ಸನ್ ಕೊಂಡಿತು, ಸನ್ನನ್ನು 2010ರಲ್ಲಿ ಒರಾಕಲ್ ನುಂಗಿತು. ಎಲ್700 ತಯಾರಾಗುವುದು ನಿಂತು ಹೋಯಿತು.

ನಾನು ಬರೆಯಲು ಹೊರಟ ವಿಷಯ ಶುರುವಾಗುವುದೇ ಇಲ್ಲಿಂದ. ಯಂತ್ರ ಸತ್ತಿತು, ಹೆಸರು ಸಾಯಲಿಲ್ಲ. 2013ರಲ್ಲಿ ಅಮೆಜಾನಿನವರು ಬ್ಯಾಕಪ್ಪನ್ನು ಕ್ಲೌಡಿಗೆ ಕಳಿಸುವ ಸವಲತ್ತೊಂದನ್ನು ತಂದರು. ಅಲ್ಲಿ ಟೇಪೂ ಇಲ್ಲ, ಗೂಡೂ ಇಲ್ಲ, ರೋಬೋಟೂ ಇಲ್ಲ. ಆದರೂ ಬ್ಯಾಕಪ್ ಸಾಫ್ಟ್‌ವೇರು 'ನೀನು ಯಾರು?' ಅಂತ ಕೇಳಿದರೆ ಅದು 'ಎಸ್‌ಟಿಕೆ ಎಲ್700' ಎಂದು ಉತ್ತರ ಕೊಡುವಂತೆ ಮಾಡಿದ್ದರು. ಡ್ರೈವಿನ ಹೆಸರು ಕೇಳಿದರೆ ಐಬಿಎಂನ ಎಲ್‌ಟಿಒ-5 ಡ್ರೈವಿನ ಹೆಸರು. ಪುಕ್ಕಟೆಯಾಗಿ ಸಿಗುವ ಎಂಎಚ್‌ವಿಟಿಎಲ್ ಎಂಬ ಲಿನಕ್ಸ್ ತಂತ್ರಾಂಶವೂ ಎಲ್700 ಎಂದೇ ಪರಿಚಯ ಮಾಡಿಕೊಳ್ಳುತ್ತದೆ.

ಇದಕ್ಕೆ ಎಮ್ಯುಲೇಷನ್ ಅನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ವೇಷ ಕಟ್ಟುವುದು. ಯಾಕೆ ಈ ವೇಷ? ಬ್ಯಾಕಪ್ ಸಾಫ್ಟ್‌ವೇರುಗಳನ್ನು ಬರೆದವರು ತಮಗೆ ಗೊತ್ತಿರುವ ಲೈಬ್ರರಿಗಳ ಒಂದು ಪಟ್ಟಿ ಇಟ್ಟುಕೊಂಡಿರುತ್ತಾರೆ. ಪಟ್ಟಿಯಲ್ಲಿ ಇಲ್ಲದ ಹೆಸರು ಬಂದರೆ ಗೇಟಿನಲ್ಲೇ ತಡೆ. ಹೊಸ ಯಂತ್ರ ತಂದವನು ಪ್ರತಿ ಸಾಫ್ಟ್‌ವೇರ್ ಕಂಪೆನಿಯ ಬಾಗಿಲು ಬಡಿದು ಪಟ್ಟಿಗೆ ಸೇರಿಸಿ ಅನ್ನುವುದಕ್ಕಿಂತ, ಎಲ್ಲರಿಗೂ ಗುರುತಿರುವ ಹಳೆಯವನ ಹೆಸರು ಹೇಳಿ ಒಳಗೆ ಹೋಗುವುದು ಸುಲಭ. ಆದರೆ ಹೆಸರೊಂದೇ ಸಾಲದು. ಯಂತ್ರ ಕೊಡುವ ಉತ್ತರದಲ್ಲಿ ಕಂಪೆನಿಯ ಹೆಸರಿಗೆ ಎಂಟು ಅಕ್ಷರ, ಮಾದರಿಗೆ ಹದಿನಾರು, ಆವೃತ್ತಿಗೆ ನಾಲ್ಕು ಅಂತ ಜಾಗ ಗೊತ್ತು ಮಾಡಿರುತ್ತಾರೆ. ಎಸ್‌ಟಿಕೆ ಮೂರೇ ಅಕ್ಷರ. ಉಳಿದ ಐದು ಜಾಗ ಖಾಲಿ ಇರಬೇಕು, ಆದರೆ ಇರಲೇಬೇಕು. ನಮ್ಮ ಐಎಫ್‌ಎಸ್‌ಸಿಯ ಐದನೇ ಸ್ಥಾನದ ಸೊನ್ನೆ ನೆನಪಿಸಿಕೊಳ್ಳಿ. ಅದು ಏನನ್ನೂ ಹೇಳುವುದಿಲ್ಲ, ಆದರೆ ಬಿಟ್ಟರೆ ದುಡ್ಡು ಹೋಗುವುದಿಲ್ಲ.

ಹೆಸರು ಹೇಳಿದ ಮೇಲೆ ನಡೆಯೂ ಹಾಗೇ ಇರಬೇಕು. ಎಷ್ಟನೇ ನಂಬರಿನಿಂದ ಗೂಡು ಶುರು, ಎಷ್ಟನೇ ನಂಬರಿನಿಂದ ಡ್ರೈವು ಶುರು, ಟೇಪು ಹೊರಗೆ ಕೊಡುವ ಕಿಂಡಿ ಎಷ್ಟು, ಬಾರ್‌ಕೋಡ್ ಎಷ್ಟು ಅಕ್ಷರದ್ದು, ಟೇಪು ತುಂಬುತ್ತಾ ಬಂದಾಗ ಎಷ್ಟು ಮುಂಚೆ ಎಚ್ಚರಿಕೆ ಕೊಡಬೇಕು... ಎಲ್ಲವೂ ಮೂಲದ ಹಾಗೆ. ಪ್ರಾಯದಲ್ಲಿ ಸ್ತ್ರೀವೇಷ ಮಾಡುತ್ತಿದ್ದ ಕಲಾವಿದರೊಬ್ಬರು ಹೇಳುತ್ತಿದ್ದರು, ಸೀರೆ ಉಡುವುದು ಅರ್ಧ ಗಂಟೆಯ ಕೆಲಸ, ನಡೆಯುವುದು ಹತ್ತು ವರ್ಷದ ಕೆಲಸ ಅಂತ. ಅದೇ ಮಾತು.

ಈ ವೇಷಗಾರಿಕೆ ಕ್ಲೌಡಿನಿಂದ ಶುರುವಾದದ್ದಲ್ಲ. 1997ರಲ್ಲೇ ಐಬಿಎಂ ಒಂದು ವರ್ಚುವಲ್ ಟೇಪ್ ಸರ್ವರ್ ತಂದಿತ್ತು, ಮರುವರ್ಷ ಸ್ಟೋರೇಜ್ ಟೆಕ್ನಾಲಜಿಯವರದ್ದು ಬಂತು. ಕಾರಣ ಸ್ವಾರಸ್ಯವಾಗಿದೆ. ಹೊಸ ಕಾರ್ಟ್ರಿಜ್ಜಿನಲ್ಲಿ 10 ಜಿಬಿ ಹಿಡಿಯುತ್ತಿತ್ತು, ಆದರೆ ಹಳೆಯ ಪ್ರೋಗ್ರಾಮುಗಳು ಒಂದು ಟೇಪಿಗೆ ಒಂದು ಚಿಕ್ಕ ಫೈಲು ಬರೆದು ಮುಗಿಸುತ್ತಿದ್ದವು. ಹತ್ತು ಜನರ ಜೀಪಿನಲ್ಲಿ ಒಬ್ಬನೇ ಕೂತು ಹೋದ ಹಾಗೆ. ಪ್ರೋಗ್ರಾಮು ತಿದ್ದಲು ಯಾರಿಗೂ ಧೈರ್ಯವಿಲ್ಲ. ಹಾಗಾಗಿ ಮುಂದೆ ಡಿಸ್ಕು ಇಟ್ಟು, ಅದು ಹಳೆಯ 3490 ಡ್ರೈವಿನ ಹಾಗೆ ನಟಿಸಿ, ಹಿಂದೆ ನೂರಾರು ಚಿಕ್ಕ ಟೇಪುಗಳನ್ನು ಒಟ್ಟು ಮಾಡಿ ಒಂದು ದೊಡ್ಡ ಟೇಪಿಗೆ ತುಂಬುವ ಉಪಾಯ. ಮೆಯಿನ್‌ಫ್ರೇಮಿನ ಹೊರಗೂ 2004ರ ಹೊತ್ತಿಗೆ ಇಎಂಸಿಯಂಥವರ ಡಿಸ್ಕ್ ಲೈಬ್ರರಿಗಳು ಬಂದವು. ಕೆಲವು ವರ್ಷಗಳಲ್ಲಿ ಅವು ಠಾಣೆ–ಬೇಲಾಪುರ ರಸ್ತೆಯ ಉದ್ದಕ್ಕೂ ಇರುವ ಡೇಟಾ ಸೆಂಟರುಗಳಿಗೂ ಬಂದು ಕೂತವು.

ಮಾರಾಟಗಾರರು ಹೇಳಿದ್ದು ಒಂದೇ ಮಾತು: ವೇಗ. ಅದು ಸುಳ್ಳಲ್ಲ. ರೋಬೋಟು ಹೋಗಿ ಟೇಪು ತಂದು, ಡ್ರೈವು ಅದನ್ನು ಸುತ್ತಿ ಜಾಗಕ್ಕೆ ಬರಲು ಒಂದೆರಡು ನಿಮಿಷ ಬೇಕು. ಡಿಸ್ಕಿನ ವೇಷಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಇನ್ನೊಂದು, ಟೇಪಿಗೆ ಲೆಕ್ಕ ಒಂದೇ ಸಮನೆ ಹರಿದು ಬರಬೇಕು. ಬರುವುದು ನಿಧಾನವಾದರೆ ಟೇಪು ನಿಂತು, ಹಿಂದೆ ಸುತ್ತಿ, ಮತ್ತೆ ಮುಂದೆ ಓಡಿ, ಮತ್ತೆ ನಿಂತು... ಇದಕ್ಕೆ ಶೂ ಶೈನಿಂಗ್ ಎನ್ನುತ್ತಾರೆ. ಥಾಣೆ ಸ್ಟೇಷನ್ನಿನ ಬೂಟ್ ಪಾಲಿಶಿನವನ ಕೈ ನೋಡಿದವರಿಗೆ ವಿವರಿಸಬೇಕಿಲ್ಲ. ಹಾಗಾಗದಿರಲಿ ಅಂತ ಹಳೆಯ ಕಾಲದಲ್ಲಿ ಏಳೆಂಟು ಸರ್ವರುಗಳ ಲೆಕ್ಕವನ್ನು ಜಡೆ ಹೆಣೆದ ಹಾಗೆ ಬೆರೆಸಿ ಒಂದೇ ಟೇಪಿಗೆ ಬರೆಯುತ್ತಿದ್ದರು. ಟೇಪಿನ ಹೊಟ್ಟೆ ಖಾಲಿ ಬೀಳುತ್ತಿರಲಿಲ್ಲ.

ಡಿಸ್ಕು ಬಂದ ಮೇಲೆ ಈ ಜಡೆ ಬೇಕಾಗಿರಲಿಲ್ಲ. ಡಿಸ್ಕು ನಿಂತು ಹೋದರೆ ಸವೆಯುವುದಿಲ್ಲವಲ್ಲ. ಆದರೆ 'ಲೈಬ್ರರಿ ಅದೇ, ಎಲ್700, ಸೆಟ್ಟಿಂಗ್ ಮುಟ್ಟಬೇಡಿ' ಅಂತ ಹೇಳಿದ್ದರಿಂದ ಎಷ್ಟೋ ಕಡೆ ಜಡೆ ಹಾಗೇ ಮುಂದುವರಿಯಿತು. ಬರೆಯುವಾಗ ಯಾರಿಗೂ ತಿಳಿಯಲಿಲ್ಲ. ವಾಪಸು ಓದುವಾಗ ಒಂದು ಎಳೆ ಬೇಕೆಂದರೆ ಎಂಟು ಎಳೆಯನ್ನೂ ಬಿಚ್ಚಬೇಕು. ಒಂದೇ ತರಹದ ಲೆಕ್ಕವನ್ನು ಒಮ್ಮೆ ಮಾತ್ರ ಇಟ್ಟುಕೊಂಡು ಜಾಗ ಉಳಿಸುವ ಡಿಡೂಪ್ಲಿಕೇಷನ್ ಎಂಬ ಹೊಸ ವಿದ್ಯೆಯೂ ಹೀಗೆ ಬೆರೆತದ್ದರಲ್ಲಿ ಸೋಲುತ್ತಿತ್ತು. ಇನ್ನೊಂದು ತಮಾಷೆ. ಬ್ಯಾಕಪ್ಪಿನ ಅವಧಿ ಮುಗಿಯಿತು ಅಂತ ಸಾಫ್ಟ್‌ವೇರು ತನ್ನ ಕ್ಯಾಟಲಾಗಿನಲ್ಲಿ ಬರೆದುಕೊಂಡರೆ ನಿಜವಾದ ಟೇಪಿಗೆ ಏನೂ ಆಗುವುದಿಲ್ಲ, ಮುಂದಿನ ಸಲ ಮೇಲೆ ಬರೆಯುವವರೆಗೆ ಹಳೆಯದು ಇದ್ದೇ ಇರುತ್ತದೆ. ಡಿಸ್ಕೂ ಪ್ರಾಮಾಣಿಕವಾಗಿ ಹಾಗೇ ನಟಿಸಿತು. ಫಲ? ಸತ್ತ ಲೆಕ್ಕವೆಲ್ಲ ಜಾಗ ಹಿಡಿದುಕೊಂಡು ಕೂತು, ಹೊಸದಕ್ಕೆ ಜಾಗವಿಲ್ಲ!

ಇದೆಲ್ಲ ಹಣ ಖರ್ಚು ಮಾಡಿದರೆ ಸರಿಹೋಗುವಂಥದ್ದು. ಸರಿಹೋಗಲು ಕಷ್ಟವಾದ ಒಂದು ಕೇಸು ಹೇಳುತ್ತೇನೆ.

ಡೊಂಬಿವಲಿಯ ಒಂದು ಫ್ಲ್ಯಾಟಿನ ಬಗ್ಗೆ ಕೋರ್ಟಿನಲ್ಲಿ ವ್ಯಾಜ್ಯ. ಕುಂದಾಪುರದ ಕಡೆಯ ಅಣ್ಣ ತಮ್ಮಂದಿರು, ಒಟ್ಟಿಗೆ ಹೊಟೇಲು ನಡೆಸಿದವರು. ಅಣ್ಣ ತೀರಿಹೋದ ಮೇಲೆ ಅತ್ತಿಗೆಯನ್ನು ಫ್ಲ್ಯಾಟು ಬಿಡಿ ಅಂದರು. 2003ರಲ್ಲಿ ಬಿಲ್ಡರಿಗೆ ಹೋದ ದುಡ್ಡು ತನ್ನ ಗಂಡನ ಖಾತೆಯಿಂದಲೇ ಹೋದದ್ದು ಎಂದು ಆ ಅಮ್ಮನ ವಾದ. ಪಾಸ್‌ಬುಕ್ಕು ಇಲ್ಲ. ಕೋರ್ಟು ಬ್ಯಾಂಕಿಗೆ ಸ್ಟೇಟ್‌ಮೆಂಟ್ ಕೊಡಿ ಎಂದಿತು. 1891ರ ಬ್ಯಾಂಕರ್ಸ್ ಬುಕ್ಸ್ ಎವಿಡೆನ್ಸ್ ಕಾಯ್ದೆಗೆ 2000ದ ಐಟಿ ಕಾಯ್ದೆ ತಿದ್ದುಪಡಿ ತಂದು, ಟೇಪಿನಲ್ಲಿದ್ದ ಲೆಕ್ಕದ ಪ್ರಿಂಟೂ ಬ್ಯಾಂಕಿನ ಪುಸ್ತಕವೇ ಎಂದು ಮಾಡಿದೆ. ಆದರೆ ಜೊತೆಗೆ ಸರ್ಟಿಫಿಕೇಟು ಬೇಕು. ಲೆಕ್ಕವನ್ನು ಯಂತ್ರದಿಂದ ಟೇಪಿಗೆ ಹೇಗೆ ಇಳಿಸಿದಿರಿ, ಸರಿಯಾಗಿ ಇಳಿದಿದೆ ಅಂತ ಹೇಗೆ ತಾಳೆ ನೋಡಿದಿರಿ, ಯಾರ ವಶದಲ್ಲಿ ಇಟ್ಟಿರಿ ಎಂಬುದನ್ನೆಲ್ಲ ಬರೆದು ಕಂಪ್ಯೂಟರಿನ ಹೊಣೆ ಹೊತ್ತವರು ಸಹಿ ಹಾಕಬೇಕು.

ಆ ಶಾಖೆ ಕೋರ್ ಬ್ಯಾಂಕಿಂಗಿಗೆ ಬಂದದ್ದು 2005ರಲ್ಲಿ. ಬಂದಾಗ ಬಾಕಿ ಮಾತ್ರ ಬಂದಿತ್ತು, ಹಳೆಯ ವ್ಯವಹಾರ ಬಂದಿರಲಿಲ್ಲ. ಅದು ಇದ್ದದ್ದು ಡ್ಯಾಟ್ ಕ್ಯಾಸೆಟ್ಟುಗಳಲ್ಲಿ. ಪುಣ್ಯಕ್ಕೆ ಯಾರೋ ಬುದ್ಧಿವಂತರು ಅವನ್ನೆಲ್ಲ ಎಲ್‌ಟಿಒ-2 ಟೇಪುಗಳಿಗೆ ಇಳಿಸಿ ಲೈಬ್ರರಿಯಲ್ಲಿ ಇಟ್ಟಿದ್ದರು. 2011ರಲ್ಲಿ ರೋಬೋಟು ಹೋಗಿ ಡಿಸ್ಕಿನ ವೇಷದ ಲೈಬ್ರರಿ ಬಂತು. ತಂದವರು 'ಏನೂ ಬದಲಾಗಿಲ್ಲ ಸರ್, ಅದೇ ಹೆಸರು, ಅದೇ ಬಾರ್‌ಕೋಡು' ಎಂದಿದ್ದರು. ಎಲ್ಲರೂ ನಂಬಿದರು. ಕ್ಯಾಟಲಾಗಿನಲ್ಲಿ ಟೇಪಿನ ನಂಬರು ಸಿಕ್ಕಿತು. ಸಾಫ್ಟ್‌ವೇರು ಆ ನಂಬರು ಕೇಳಿತು. ಲೈಬ್ರರಿ ವಿನಯದಿಂದ ಉತ್ತರ ಕೊಟ್ಟಿತು: ಆ ಗೂಡು ಖಾಲಿ. ನಿಜವಾದ ಟೇಪುಗಳನ್ನು ಹೊಸದಕ್ಕೆ ನಕಲು ಮಾಡಿರಲೇ ಇಲ್ಲ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಮಹಾಪೆಯ ಗೋಡೌನಿಗೆ ಕಳಿಸಿದ್ದರು.

ನನಗೆ ಆವತ್ತು ಈ ಎಮ್ಯುಲೇಷನ್ ಎಂಬ ಶಬ್ದದ ನಿಜವಾದ ಅರ್ಥ ತಿಳಿಯಿತು. ಅದು ಸಾಫ್ಟ್‌ವೇರಿಗೆ ಹಳೆಯ ಲೈಬ್ರರಿಯನ್ನು ಉಳಿಸಿ ಕೊಡುತ್ತದೆ. ಲೈಬ್ರರಿಯ ಒಳಗಿದ್ದದ್ದನ್ನು ಉಳಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ, ನಾವೇ ಹಾಗೆ ತಿಳಿದುಕೊಂಡಿದ್ದೆವು.

ಪೆಟ್ಟಿಗೆ ಸಿಕ್ಕಿತು. ಓದುವುದು ಹೇಗೆ? ಇದ್ದ ಹೊಸ ಡ್ರೈವು ಎಲ್‌ಟಿಒ-5. ಆಗಿನ ನಿಯಮದಂತೆ ಅದು ಎರಡು ತಲೆಮಾರು ಹಿಂದಿನದ್ದನ್ನು ಮಾತ್ರ ಓದುತ್ತದೆ, ಅಂದರೆ ಎಲ್‌ಟಿಒ-3ರ ತನಕ. ನಮ್ಮದು 2. ಅಜ್ಜನ ತನಕ ಗುರುತು, ಮುತ್ತಜ್ಜನ ಗುರುತಿಲ್ಲ! ಹುಡುಕಿ ಹುಡುಕಿ ಒಬ್ಬ ಮೇಂಟೆನೆನ್ಸಿನವರ ಹತ್ತಿರ ಹಳೆಯ ಎಲ್‌ಟಿಒ-4 ಡ್ರೈವು ಸಿಕ್ಕಿತು. ಎಲ್‌ಟಿಒ-2ರ ವೇಗ ಸೆಕೆಂಡಿಗೆ 40 ಎಂಬಿ, ತುಂಬಿದ 200 ಜಿಬಿಯನ್ನು ಓದಲು ಹೆಚ್ಚೆಂದರೆ ಒಂದೂವರೆ ಗಂಟೆ ಅಂತ ನಾನು ಲೆಕ್ಕ ಹಾಕಿದ್ದೆ. ಆದರೆ ಆ ಶಾಖೆಯ ಲೆಕ್ಕ ಬೇರೆ ಶಾಖೆಗಳದ್ದರ ಜೊತೆ ಜಡೆ ಹೆಣೆದು ಮೂರು ಟೇಪುಗಳಲ್ಲಿ ಹರಡಿತ್ತು. ಎರಡು ರಾತ್ರಿ ಹಿಡಿಯಿತು. ಫೈಲು ಬಂತು, ತೆರೆಯುವ ಟಿಬಿಎಂ ಸಾಫ್ಟ್‌ವೇರು ಎಸ್‌ಸಿಒ ಯುನಿಕ್ಸಿನ ಮೇಲೆ ಓಡುವಂಥದ್ದು. ಅದಕ್ಕಾಗಿ ಹೊಸ ಸರ್ವರಿನೊಳಗೆ ಹಳೆಯ ಕಂಪ್ಯೂಟರೊಂದರ ವೇಷ ಕಟ್ಟಿಸಬೇಕಾಯಿತು. ಈ ಸಲ ವೇಷ ನಮ್ಮ ಕೈ ಹಿಡಿಯಿತು, ಹೇಳಲೇಬೇಕು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳಲ್ಲಿ ಆ ತೀರಿಹೋದ ಮನುಷ್ಯನ ಖಾತೆ ತೆರೆದುಕೊಂಡಿತು. 2003ರ ಸಾಲುಗಳಲ್ಲಿ ಬಿಲ್ಡರಿನ ಹೆಸರಿಗೆ ಹೋದ ಮೂರು ಚೆಕ್ಕುಗಳಿದ್ದವು. ಪ್ರಿಂಟು ತೆಗೆದು, ಟೇಪು ಯಾವಾಗ ಎಲ್ಲಿಂದ ಎಲ್ಲಿಗೆ ಹೋಯಿತು ಎಂಬುದನ್ನೆಲ್ಲ ಬರೆದು ಸಹಿ ಹಾಕಿ ಕಳಿಸಿದೆವು. ತೀರ್ಪಿನ ವಿಷಯ ನಮ್ಮ ತನಕ ಬರುವುದಿಲ್ಲ.

ಅಂದ ಹಾಗೆ ನಮ್ಮ ಬ್ಯಾಂಕುಗಳೇ ಈಗ ಹೀಗಾಗಿವೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಹೋಯಿತು, 2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕು ಬರೋಡಾಕ್ಕೆ, 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟು ಕೆನರಾಕ್ಕೆ, ಕಾರ್ಪೊರೇಷನ್ನು ಯೂನಿಯನ್ ಬ್ಯಾಂಕಿಗೆ. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ 2021ರ ಜೂನ್ 30ರ ತನಕ ನಡೆಯಿತು. ಇಲ್ಲದ ಬ್ಯಾಂಕಿನ ಹೆಸರು ಬರೆದು ಹದಿನೈದು ತಿಂಗಳು ಜನ ದುಡ್ಡು ಕಳಿಸಿದರು, ಹಿಂದೆ ಕೂತ ಯಂತ್ರ ಅದನ್ನು ಕೆನರಾ ಎಂದು ಅರ್ಥ ಮಾಡಿಕೊಂಡಿತು. ವೇಷ ಕಳಚಲು ಒಂದು ತಾರೀಕು ಇತ್ತು, ಎಲ್ಲರಿಗೂ ಮೊದಲೇ ಹೇಳಿದ್ದರು. ಟೇಪಿನವರಿಗೆ ಅಂಥ ತಾರೀಕು ಯಾರೂ ಕೊಡುವುದಿಲ್ಲ.

ಹಾಗಂತ ಟೇಪು ಮುಗಿಯಿತು ಅಂದುಕೊಳ್ಳಬೇಡಿ. 2011ರ ಫೆಬ್ರವರಿಯಲ್ಲಿ ಒಂದು ಸಾಫ್ಟ್‌ವೇರ್ ದೋಷದಿಂದ ಸಾವಿರಾರು ಜನರ ಜಿಮೇಲ್ ಖಾಲಿಯಾದಾಗ ಗೂಗಲಿನವರು ಅದನ್ನು ವಾಪಸು ತಂದದ್ದು ಟೇಪಿನಿಂದ. ಹಲವು ಊರುಗಳ ಡಿಸ್ಕಿನಲ್ಲಿದ್ದ ಪ್ರತಿಗಳಿಗೆಲ್ಲ ದೋಷ ತಾಗಿತ್ತು, ಕಪಾಟಿನಲ್ಲಿ ಸುಮ್ಮನೆ ಮಲಗಿದ್ದ ಟೇಪಿಗೆ ತಾಗಿರಲಿಲ್ಲ. ಈಗ ರಾನ್ಸಮ್‌ವೇರಿನ ಭಯಕ್ಕೆ ಎಲ್ಲರೂ ಮತ್ತೆ ಟೇಪು ಕೊಳ್ಳುತ್ತಿದ್ದಾರೆ. 2021ರ ಎಲ್‌ಟಿಒ-9ರಲ್ಲಿ 18 ಟಿಬಿ, ಸೆಕೆಂಡಿಗೆ 400 ಎಂಬಿ. ಭಾಗಿಸಿ ನೋಡಿ, ಒಂದು ಟೇಪು ತುಂಬಲು ಹನ್ನೆರಡೂವರೆ ಗಂಟೆ! ಹೊಟ್ಟೆ ತೊಂಬತ್ತು ಪಟ್ಟು ದೊಡ್ಡದಾಯಿತು, ಬಾಯಿ ಹತ್ತು ಪಟ್ಟು ಮಾತ್ರ. ನಕಲು ಮಾಡುವ ಕೆಲಸವನ್ನು ಮುಂದೂಡಿದಷ್ಟೂ ಕಷ್ಟವಾಗುವುದು ಇದರಿಂದ. ಓದುವ ನಿಯಮವೂ ಬಿಗಿಯಾಗುತ್ತಾ ಬಂದಿದೆ. ಎಲ್‌ಟಿಒ-8ರಿಂದ ಒಂದೇ ತಲೆಮಾರು ಹಿಂದೆ. 2025ರಲ್ಲಿ ಬಂದ ಎಲ್‌ಟಿಒ-10 ಹಿಂದಿನದ್ದನ್ನು ಒಂದನ್ನೂ ಓದುವುದಿಲ್ಲ.

ಆ ಎಲ್‌ಟಿಒ-4 ಡ್ರೈವನ್ನು ನಾವು ವಾಪಸು ಕೊಡಲಿಲ್ಲ, ದುಡ್ಡು ಕೊಟ್ಟು ಇಟ್ಟುಕೊಂಡೆವು. ಆಡಿಟಿನವರು ಪ್ರತಿ ವರ್ಷ ಇದೇನು ಗುಜರಿ ಅಂತ ಕೇಳುತ್ತಾರೆ. ಕಲ್ಯಾಣದಿಂದ ಬರುವ ನಮ್ಮ ಮರಾಠಿ ಸಹೋದ್ಯೋಗಿ ಅದರ ಮೇಲೆ ದಪ್ಪ ಅಕ್ಷರದಲ್ಲಿ 'ಫೇಕೂ ನಕಾ' ಅಂತ ಬರೆದು ಚೀಟಿ ಅಂಟಿಸಿದ್ದಾರೆ.